ಗಾಡಿಗೆ ಹಾಕಿದ ಗೊಬ್ಬರ

ಮಾರ್ಚ್ 8, ರವಿವಾರ

ಬೀಜದ ಕಂಪನಿಯವರು ಪ್ರತಿ ವರ್ಷ ಒಂದು ಡೈರಿ ಕೊಡುತ್ತಾರೆ. ಇಷ್ಟು ವರ್ಷ ಅದರ ಹಾಳೆ ಹರಿದು ಅಂಗಡಿಯಲ್ಲಿ ಪುಡಿಕೆ ಕಟ್ಟಿದ್ದೇನೆ. ಈ ಸಲ ಬರೆಯೋಣ ಅನಿಸಿತು. ಸಂಜೆ ಗೊಬ್ಬರದ ಅಂಗಡಿ ಮುಚ್ಚಿ ಬಂದರೆ ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಹೆಂಡತಿ ಲಕ್ಕವ್ವ ಇದ್ದಾಳೆ, ಆದರೆ ಮಾತು ಬಿಟ್ಟಿದ್ದಾಳೆ. ಮುನಿಸಲ್ಲ. ಕೇಳಿದರೆ "ಹೂಂ", ಇಲ್ಲದಿದ್ದರೆ "ಊಹೂಂ". ಮೊದಲು ಇವಳ ಬಾಯಿಗೆ ಹೆದರಿ ಉದ್ರಿ ಕೇಳುವವರು ಅಂಗಡಿಗೆ ಬರುತ್ತಿರಲಿಲ್ಲ. ಈಗ ಅವಳಿಗೆ ಕಿಡ್ನಿ ಕೆಟ್ಟಿದೆ. ಮಂಗಳವಾರ, ಶುಕ್ರವಾರ ವಿಜಯಪುರಕ್ಕೆ ಹೋಗಿ ಯಂತ್ರಕ್ಕೆ ರಕ್ತ ಕೊಟ್ಟು ತೊಳೆಸಿಕೊಂಡು ಬರಬೇಕು. ಡಯಾಲಿಸಿಸ್. ಅದು ತಪ್ಪಿದರೆ ಲಕ್ಕವ್ವ ಇಲ್ಲ, ಅಷ್ಟೇ.

ತಾಂಬಾದಿಂದ ಬಸ್ಸಿನಲ್ಲಿ ಹೋಗಿ ಬಂದು ಅವಳು ಹಣ್ಣಾದಳು. ಅದಕ್ಕೇ ಹೋದ ವರ್ಷ ಏಳು ಸೀಟಿನ ಡೀಸೆಲ್ ಗಾಡಿ ತೆಗೆದುಕೊಂಡೆವು. ಮಗ ಕಲ್ಮೇಶನಿಗೆ ಮುದ್ದೇಬಿಹಾಳದಲ್ಲಿ ಕರೆಂಟಿನ ಆಫೀಸಿನ ನೌಕರಿ. ರಜೆ ಸಿಕ್ಕರೆ ರವಿವಾರ ಬರುತ್ತಾನೆ. ಹಾಗಾಗಿ ಗಾಡಿ ಹೊಡೆಯುವವಳು ಸೊಸೆ ವಿದ್ಯಾವತಿ. ನಾನು ಮುಂದೆ ಕೂತು "ಬ್ರೇಕ್, ಬ್ರೇಕ್" ಅನ್ನುತ್ತೇನೆ. ನನಗೆ ಗಾಡಿ ಹೊಡೆಯಲು ಬರುವುದಿಲ್ಲ ನಿಜ. ಆದರೆ ಯಾವಾಗ ನಿಲ್ಲಿಸಬೇಕು ಅನ್ನುವುದು ತಿಳಿಯದಷ್ಟು ದಡ್ಡನಲ್ಲ.

ಆಸ್ಪತ್ರೆಯ ಒಳಗೆ ಸೊಸೆ ಹೋಗುತ್ತಾಳೆ. ನಾನು ಎದುರಿನ ಚಹಾದಂಗಡಿಯಲ್ಲಿ ಕೂರುತ್ತೇನೆ. ಗಂಡಸು ಅಲ್ಲಿ ಕೂತು ಏನು ಮಾಡುವುದು?

ಮಾರ್ಚ್ 10, ಮಂಗಳವಾರ

ಗಾಡಿಯಲ್ಲಿ ಹೊಸ ದೀಪವೊಂದು ಹತ್ತಿದೆ. ಸೊಸೆ ಹೇಳಿದಳು, "ಮಾಮಾರ, ಡಿಇಎಫ್ ಮುಗಿಯಾಕ ಬಂದೈತಿ." ಅದೇನು ಅಂದರೆ ಡೀಸೆಲ್ ಮುಚ್ಚಳದ ಪಕ್ಕದ ನೀಲಿ ಮುಚ್ಚಳದಲ್ಲಿ ಹಾಕುವ ನೀರಂತೆ.

"ಡೀಸೆಲ್ ಗಾಡಿಗೆ ನೀರ್ಯಾಕ?"

"ಹೊಗಿ ತೊಳಿಯಾಕ್ರಿ. ಅತ್ತಿಯವರ ರಕ್ತ ಆ ಮಶೀನು ತೊಳೀತೈತಲ್ಲ, ಹಂಗ ಇದು ಹೊಗ್ಯಾಗಿನ ವಿಷ ತೊಳೀತೈತಿ. ಇದು ಇಲ್ಲಂದ್ರ ಗಾಡಿ ಚಾಲೂನ ಆಗಂಗಿಲ್ಲ."

ಡೀಸೆಲ್ ತುಂಬಿದ್ದರೂ ಚಾಲೂ ಆಗುವುದಿಲ್ಲವಂತೆ! ಎಂಥ ಗಾಡಿ ಮಾಡುತ್ತಾರೋ! ದೀವಳಿಗೆಗೆ ತಂದ ಡಬ್ಬಿಯಲ್ಲಿ ಅರ್ಧ ಉಳಿದಿತ್ತು. ಅದನ್ನು ನಾನೇ ಗೊಬ್ಬರದ ಗೋದಾಮಿನಲ್ಲಿ ಇಟ್ಟಿದ್ದೆ. ತಂದುಕೊಡುತ್ತೇನೆ ಎಂದೆ.

ಮಾರ್ಚ್ 12, ಗುರುವಾರ

ಗೋದಾಮಿನ ತಗಡು ಈಗಲೇ ಕಾದು ಹಂಚಾಗಿದೆ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿಲ್ಲ. ಬಾಯಿಯ ಸುತ್ತ ಬೆಳ್ಳಗೆ ಹರಳುಗಟ್ಟಿತ್ತು. ತೆರೆದರೆ ಮೂಗು ಸುಡುವ ವಾಸನೆ. ಹರಳನ್ನು ಬೆರಳಲ್ಲಿ ತಿಕ್ಕಿ ನೋಡಿದೆ, ನಾಲಿಗೆಗೂ ಹಚ್ಚಿದೆ. ಅಯ್ಯ ಇದರ! ಯೂರಿಯಾ! ಡಬ್ಬಿಯ ಮೇಲೂ ಯೂರಿಯಾ ಅಂತಲೇ ಬರೆದಿದೆ.

ಜೀವಮಾನವಿಡೀ ಯೂರಿಯಾ ಮಾರಿದವನು ನಾನು. ಇಂಡಿ, ಸಿಂದಗಿ ಎರಡೂ ತಾಲೂಕಿನ ರೈತರು ಯಾವ ಬೆಳೆಗೆ ಎಷ್ಟು ಎಂದು ನನ್ನನ್ನೇ ಕೇಳುತ್ತಾರೆ. ಅಂಥವನ ಮನೆಗೆ ಪೇಟೆಯಿಂದ ಯೂರಿಯಾ ನೀರು ಡಬ್ಬಿಯಲ್ಲಿ ಬರಬೇಕೇ? ಕೆಟ್ಟ ನೀರನ್ನು ಹಿತ್ತಲಿನ ಲಿಂಬೆ ಗಿಡಕ್ಕೆ ಸುರಿದೆ. ಚೀಲದಿಂದ ಹೊಸ ಯೂರಿಯಾ ತೆಗೆದು ಬೋರಿನ ನೀರಿನಲ್ಲಿ ಕಲಕಿದೆ. ಈಗಿನ ಯೂರಿಯಾಕ್ಕೆ ಬೇವಿನೆಣ್ಣೆ ಸವರಿರುತ್ತಾರೆ, ಮೇಲೆ ಸ್ವಲ್ಪ ಜಿಡ್ಡು ತೇಲಿತು. ಹಳೆಯ ಧೋತರವನ್ನು ನಾಲ್ಕು ಮಡಿಕೆ ಮಾಡಿ ಸೋಸಿದೆ. ತಿಳಿಯಾಗಿ ಚೆನ್ನಾಗಿ ಬಂತು. ಅದೇ ಡಬ್ಬಿಗೆ ಮೊದಲಿನಷ್ಟೇ ಅರ್ಧ ತುಂಬಿ ಸೊಸೆಗೆ ಕೊಟ್ಟೆ.

ಹೇಳಲಿಲ್ಲ. ಗಾಡಿ ನಾಲ್ಕು ದಿನ ಓಡಲಿ, ಆಮೇಲೆ ಹೇಳಿ ಎಲ್ಲರನ್ನೂ ನಗಿಸಬೇಕು. ಲಕ್ಕವ್ವನೂ ನಕ್ಕಾಳು.

ಮಾರ್ಚ್ 13, ಶುಕ್ರವಾರ

ಸೊಸೆ ಲಾಳಿಕೆ ಇಟ್ಟು ಒಂದು ಹನಿ ಚೆಲ್ಲದಂತೆ ಹಾಕಿದಳು. ದೀಪ ಆರಿತು! ವಿಜಯಪುರಕ್ಕೆ ಹೋಗಿ ಬಂದೆವು. ಡಬ್ಬಿಯ ಕಂಪನಿಯವರಿಗಿಂತ ಈ ರೇವಪ್ಪ ಏನು ಕಮ್ಮಿ? ಎರಡು ಚಹಾ ಕುಡಿದೆ.

ಮಾರ್ಚ್ 17, ಮಂಗಳವಾರ

ಮರಳಿ ಬರುವಾಗ ಗಾಡಿ ಟಣ್ ಟಣ್ ಎಂದು ಬಾರಿಸಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು. ಸೊಸೆ ಗಾಡಿ ಬದಿಗೆ ನಿಲ್ಲಿಸಿ ಓದಿದಳು. ಹೊಗೆ ತೊಳೆಯುವ ವ್ಯವಸ್ಥೆಯಲ್ಲಿ ದೋಷವಿದೆ, ಇನ್ನು ಐನೂರು ಕಿಲೋಮೀಟರ್ ಆದ ಮೇಲೆ ಎಂಜಿನ್ ಚಾಲೂ ಆಗುವುದಿಲ್ಲ ಎಂದು ಬರೆದಿತ್ತಂತೆ.

"ಡಬ್ಬ್ಯಾಗಿಂದ ಎಲ್ಲಾ ಹಾಕೇನಿ, ಯಾಕ ಹಿಂಗ ತೋರಸಾಕತ್ತೈತಿ?" ಎಂದು ಅವಳು ನನ್ನ ಮುಖ ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಹಿಂದಿನ ಸೀಟಿನಿಂದ ಲಕ್ಕವ್ವ ಕೇಳಿದಳು, "ಎಷ್ಟು ಉಳದಾವು ಅಂದಿ?"

"ಐದುನೂರ್ರಿ ಅತ್ತಿ."

"ಹೂಂ."

ತಾನಾಗಿ ಅವಳು ಏನಾದರೂ ಕೇಳಿದ್ದು ಎಷ್ಟು ದಿನದ ಮೇಲೋ. ಸಂತೋಷಪಡಬೇಕೋ ಏನೋ ತಿಳಿಯಲಿಲ್ಲ.

ಮಾರ್ಚ್ 18, ಬುಧವಾರ

ಇಂಡಿಯಲ್ಲಿ ಮುಬಿನನ ಗ್ಯಾರೇಜಿಗೆ ಹೋದೆವು. ಲ್ಯಾಪ್‌ಟಾಪ್ ಹಚ್ಚಿ ನೋಡಿ ದೀಪ ಆರಿಸಿಕೊಟ್ಟ. ಅರ್ಧ ದಾರಿಗೆ ಬರುವಷ್ಟರಲ್ಲಿ ಮತ್ತೆ ಹತ್ತಿತು. ಫೋನ್ ಮಾಡಿದರೆ ಅಂದ, "ಇಲಿ ವಾಯರ್ ಕಡದಿರಬೇಕ್ರಿ. ಇಲ್ಲಾ ಸೆನ್ಸಾರ್. ಇಲ್ಲಾ ನೀರ ಕೆಟ್ಟಿರಬೇಕು. ಖರೆ ಹೇಳ್ತೇನಿ, ಈ ಹೊಸಾ ಗಾಡಿ ನನಗೂ ತಿಳಿಯಂಗಿಲ್ಲರಿ ಸಾವಕಾರ್ರ. ನೀರ ಯಾವುದು ಹಾಕೀರಿ?"

ಸೊಸೆ ಕಂಪನಿಯ ಹೆಸರು ಹೇಳಿದಳು. ಪಾಪ, ಡಬ್ಬಿಯ ಮೇಲೆ ಅದೇ ಇತ್ತಲ್ಲ.

ಯೂರಿಯಾ ಅಂದರೆ ಯೂರಿಯಾ. ನೀರು ಅಂದರೆ ನೀರು. ಎರಡೂ ಹಾಕಿದ್ದೇನೆ. ಇನ್ನೇನು ಬೇಕು ಈ ಗಾಡಿಗೆ? ಇಲಿಯೇ ಇರಬೇಕು. ಗೋದಾಮಿನಲ್ಲೂ ಇಲಿ ಬಹಳ.

ಮಾರ್ಚ್ 19, ಗುರುವಾರ

ಯುಗಾದಿ. ಬೇವಿನ ಪಾನಕದ ವಾಸನೆಗೇ ಆ ಬೇವಿನೆಣ್ಣೆಯ ಜಿಡ್ಡು ನೆನಪಾಯಿತು. ಕುಡಿಯಲಿಲ್ಲ.

ಮಾರ್ಚ್ 20, ಶುಕ್ರವಾರ

ಲಕ್ಕವ್ವನ ರಕ್ತದ ರಿಪೋರ್ಟು ಬಂತು. ಇಂದು ಸೊಸೆ ಅದನ್ನು ಬಿಡಿಸಿ ಹೇಳಿದಳು. ರಕ್ತದಲ್ಲಿ ಯೂರಿಯಾ ಏರಿದೆಯಂತೆ.

"ಏನು ಏರೈತಿ?" ಎಂದು ಎರಡು ಸಲ ಕೇಳಿದೆ.

"ಯೂರಿಯಾರಿ ಮಾಮಾರ. ಎಲ್ಲಾರ ಮೈಯಾಗೂ ಇರ್ತೈತಿ. ಕಿಡ್ನಿ ಅದನ್ನ ಹೊರಗ ಹಾಕಬೇಕು. ಅತ್ತಿಯವರದು ಹಾಕಾಕತ್ತಿಲ್ಲ, ಅದಕ್ಕ ಮಶೀನು ತಗೀತೈತಿ."

ಚಹಾದಂಗಡಿಯಲ್ಲಿ ಕೂತು ಯೋಚಿಸಿಯೇ ಯೋಚಿಸಿದೆ. ಒಳಗೆ ಅವಳ ಮೈಯಿಂದ ಯೂರಿಯಾ ತೆಗೆಯುತ್ತಿದ್ದಾರೆ, ಹೊರಗೆ ನಿಂತ ಗಾಡಿಗೆ ನಾನು ಯೂರಿಯಾ ಹಾಕಿದ್ದೇನೆ. ಮದುವೆಯಾದಾಗಿನಿಂದ ಲಕ್ಕವ್ವ ನನ್ನ ಅಂಗಡಿಯಲ್ಲೇ ಕೂತವಳು. ಚೀಲ ಬಿಚ್ಚಿದಾಗ ಏಳುವ ಧೂಳು ಅವಳ ತಲೆಗೂದಲ ಮೇಲೆ ಇರುತ್ತಿತ್ತು. ಅದೇ ಒಳಗೆ ಸೇರಿತೋ? ಸೊಸೆಯನ್ನು ಕೇಳಬೇಕು ಅನಿಸಿತು. ಹೌದು ಅಂದರೆ? ಕೇಳಲಿಲ್ಲ.

ಬರುವಾಗ ಲಕ್ಕವ್ವ, "ಈಗ ಎಷ್ಟು ಉಳದಾವು?" ಎಂದಳು. ಮುನ್ನೂರು ಚಿಲ್ಲರೆ.

ಮಾರ್ಚ್ 22, ರವಿವಾರ

ಕಲ್ಮೇಶ ಬಂದಿದ್ದ. ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದ. "ನಿನ್ನ ಕೈಯಾಗ ಕೊಟ್ಟಿದ್ದ ತಪ್ಪು. ಎಲ್ಲಿಂದ ತಂದಿ ಆ ಡೂಪ್ಲಿಕೇಟ್ ನೀರು?"

"ದೀವಳಿಗಿಗಿ ನೀವ ತಂದ ಡಬ್ಬೀರಿ ಅದು! ನಾ ಬರೇ ಹಾಕೀನಿ."

"ಹಾಕೂಮುಂದ ನೀರ ಬಿಟ್ಟಿರಬೇಕು, ಕಸ ಬಿಟ್ಟಿರಬೇಕು. ಕಣ್ಣ ಎಲ್ಲಿದ್ದುವು?"

ವಿದ್ಯಾವತಿ ಅಳಲಿಲ್ಲ. ಅಡುಗೆಮನೆಗೆ ಹೋಗಿ ರೊಟ್ಟಿ ತಟ್ಟತೊಡಗಿದಳು, ತಟ್ಟುವ ಸಪ್ಪಳ ಓಣಿಗೆಲ್ಲ ಕೇಳುತ್ತಿತ್ತು. ನಾನು "ಇರ್ಲಿ ಬಿಡಪಾ" ಎಂದೆ. ಅಷ್ಟೇ ಬಾಯಿಗೆ ಬಂತು. ಮಗನ ಎದುರು, ಸೊಸೆಯ ಎದುರು, ಗೊಬ್ಬರದ ರೇವಪ್ಪ ಗೊಬ್ಬರ ಹಾಕಿ ಗಾಡಿ ಕೆಡಿಸಿದ ಎಂದು ಹೇಗೆ ಹೇಳುವುದು? ಊರು ತುಂಬ ನಗುತ್ತದೆ. ಮೇಲಾಗಿ ಅದರಿಂದಲೇ ಕೆಟ್ಟಿದೆ ಅಂತ ಯಾರು ನೋಡಿದ್ದಾರೆ? ಇಲಿಯೂ ಇರಬಹುದು.

ಒಂದೇ ರೊಟ್ಟಿ ತಿಂದು ಎದ್ದೆ.

ಮಾರ್ಚ್ 24, ಮಂಗಳವಾರ

ಲಕ್ಕವ್ವನನ್ನು ಒಳಗೆ ಬಿಟ್ಟು ಗಾಡಿಯನ್ನು ವಿಜಯಪುರದ ವರ್ಕ್‌ಶಾಪಿಗೆ ಒಯ್ದೆವು. ಅಲ್ಲಿನ ಹುಡುಗ, "ನೀರು ಯಾವುದು?" ಎಂದ. ವಿದ್ಯಾವತಿ ಅದೇ ಹೆಸರು ಹೇಳಿದಳು. ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆದೆ, ಆಕಳಿಕೆ ಬಂತು. ಹಾಗಿದ್ದರೆ ಸೆನ್ಸಾರ್ ಹೋಗಿದೆ, ಹೊಸದು ತರಿಸಬೇಕು, ಹತ್ತು ದಿನವಾದರೂ ಆಗುತ್ತದೆ ಎಂದ.

ಖರ್ಚಿನ ಚಿಂತೆ ನನಗಿಲ್ಲ. ಚಿಂತೆ ಲಕ್ಕವ್ವನದು. ಗಾಡಿ ಹತ್ತಿದ ಕೂಡಲೇ ಆ ಅಂಕಿ ಕೇಳುತ್ತಾಳೆ. ಕೇಳಿ, ಎಣಿಸಿ, ಕಣ್ಣು ಮುಚ್ಚುತ್ತಾಳೆ. ಅದರಲ್ಲಿ ಅವಳಿಗೇನು ಸಿಗುತ್ತದೆಯೋ!

ಮಾರ್ಚ್ 27, ಶುಕ್ರವಾರ

ಸಿಕ್ಕಿದ್ದು ಏನೆಂದು ಇಂದು ತಿಳಿಯಿತು.

ಮನೆಗೆ ಬಂದು ಮಂಚದ ಮೇಲೆ ಮಲಗಿಸಿದಾಗ ಅಂದಳು, "ಇನ್ನ ನೂರರ ಮ್ಯಾಲ ಚೂರು ಉಳದಾವಂತ. ಅಂದ್ರ ಇನ್ನೊಂದ ಸರತಿ. ಆಮ್ಯಾಲ ನನ್ನ ಕರಕೊಂಡು ಹೋಗಬ್ಯಾಡ್ರಿ."

"ಏನ ಮಾತಾಡ್ತಿ? ಸೆನ್ಸಾರ್ ಬರ್ತೈತಿ, ಗಾಡಿ ನೆಟ್ಟಗಾಗ್ತೈತಿ. ಅಲ್ಲೀ ತನಕ ಬ್ಯಾರೆ ಗಾಡಿ ಮಾಡಿದ್ರಾತು."

"ಬ್ಯಾಡ್ರಿ. ನನಗ ಸಾಕಾಗೈತಿ. ಕೈತುಂಬ ಸೂಜಿ. ಬಾಯಾರಿದ್ರ ಗುಟುಕು ನೀರಿಗೂ ಲೆಕ್ಕ. ಯಾವಾಗ ಬಿಡಬೇಕಂತ ದೇವರ್ನ ಕೇಳಾಕತ್ತಿದ್ದೆ. ಗಾಡ್ಯಾಗ ಬರದ ತೋರಸ್ಯಾನ. ಅದು ನಿಂತ ದಿನ ನಾನೂ ನಿಂತೆ."

ಎಷ್ಟು ಶಾಂತವಾಗಿ ಹೇಳಿದಳು ಅಂದರೆ, ಸಂತೆಗೆ ಹೋಗಿ ಬರುತ್ತೇನೆ ಅಂದಂತೆ. ದೇವರು ಬರೆದದ್ದಲ್ಲ ಅದು! ಅಂಗಳಕ್ಕೆ ಬಂದು ಗಾಡಿಯ ಗಾಲಿಗೆ ಒದ್ದೆ. ಹೆಬ್ಬೆರಳು ಬಾತಿದೆ.

ಮಾರ್ಚ್ 28, ಶನಿವಾರ

ಹೇಳಬೇಕು. ಇಂದು ಆಗಲಿಲ್ಲ.

ಮಾರ್ಚ್ 29, ರವಿವಾರ

ಇಂದೂ ಆಗಲಿಲ್ಲ. ವಿದ್ಯಾವತಿ ಅತ್ತೆಗೆ ಬಹಳ ತಿಳಿಸಿ ಹೇಳಿದಳು. ಕಲ್ಮೇಶ ಫೋನಿನಲ್ಲಿ ಅತ್ತ. ಲಕ್ಕವ್ವ ಇಬ್ಬರಿಗೂ "ಹೂಂ" ಅಂದಳು. ನಾನು ಅಂಗಡಿಗೆ ಹೋಗಿ ಯೂರಿಯಾ ಚೀಲಗಳ ಎದುರು ಸುಮ್ಮನೆ ಕೂತೆ. ಒಬ್ಬ ಗಿರಾಕಿ ಬಂದು ಎರಡು ಸಲ ಕೂಗಿದನಂತೆ.

ಮಾರ್ಚ್ 31, ಮಂಗಳವಾರ

ಹೋಗಿ ಬಂದೆವು. ಊರ ಅಗಸಿ ಬಾಗಿಲು ದಾಟುವಾಗ ಅಂಕಿ ಸೊನ್ನೆಯಾಯಿತು. ವಿದ್ಯಾವತಿ ಅಂಗಳದಲ್ಲಿ ನಿಲ್ಲಿಸಿ, ಕೀಲಿ ತಿರುಗಿಸಲು ಹೆದರಿ ಬಹಳ ಹೊತ್ತು ಹಾಗೇ ಕೂತಳು. ಹಿಂದಿನಿಂದ ಲಕ್ಕವ್ವ ಅಂದಳು, "ಬಂದ್ ಮಾಡವ್ವಾ. ಸುಮ್ನ ಉರಸಬ್ಯಾಡ." ಬಂದ್ ಮಾಡಿದಳು. ಇಳಿಯುವಾಗ ಲಕ್ಕವ್ವ ಗಾಡಿಯ ಬಾಗಿಲನ್ನು ಎರಡು ಸಲ ಕೈಯಿಂದ ಸವರಿದಳು.

ಏಪ್ರಿಲ್ 3, ಶುಕ್ರವಾರ

ಇಂದಿನದನ್ನು ಎಲ್ಲಿಂದ ಬರೆಯುವುದೋ ತಿಳಿಯದು.

ಬೆಳಿಗ್ಗೆ ವಿದ್ಯಾವತಿ ಕೀಲಿ ತಿರುಗಿಸಿದಳು. ಗಾಡಿ ಟಿಕ್ ಅನ್ನಲಿಲ್ಲ. ನಾನು ಮೊದಲೇ ಮುರ್ತುಜಾಸಾಬನಿಗೆ ಹೇಳಿದ್ದೆ. ಲಿಂಬೆ ತೋಟದವನು, ಹಳೆಯ ದೋಸ್ತ. ಅವನದು ಮುದಿ ಜೀಪು, ಡೀಸೆಲ್ ಬಿಟ್ಟು ಬೇರೇನೂ ಕುಡಿಯದು. ಬಾಗಿಲಿಗೆ ತಂದು ನಿಲ್ಲಿಸಿದ. ಲಕ್ಕವ್ವ ಏಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪಾದ ಆಗಲೇ ಬಾತಿದ್ದವು.

"ವೈನಿ, ಗಾದಿ ಹಾಕೇನ್ರಿ, ಬರ್ರಿ," ಎಂದ ಮುರ್ತುಜಾಸಾಬ. ವಿದ್ಯಾವತಿ ಕಾಲು ಹಿಡಿದಳು. "ಬಿಡವ್ವಾ, ದೇವರ ಲೆಕ್ಕ ಮುಗೀತು," ಅಂದಳು ಲಕ್ಕವ್ವ.

ನನಗೆ ಏನಾಯಿತೋ. ಕೂಗಿಬಿಟ್ಟೆ. "ದೇವರ ಲೆಕ್ಕ ಅಲ್ಲ ಅದು! ನನ್ನ ಲೆಕ್ಕ! ಗಾಡಿಗೆ ನಾ ಯೂರಿಯಾ ಹಾಕೇನಿ!"

ಲಕ್ಕವ್ವ ಮೆಲ್ಲಗೆ ಹೊರಳಿದಳು.

"ಏನ ಹಾಕೀರಿ?"

"ಯೂರಿಯಾ. ಅಂಗಡ್ಯಾಂದು. ಬೋರಿನ ನೀರಾಗ ಕಲಿಸಿ, ಧೋತರದಾಗ ಸೋಸಿ, ಡಬ್ಬ್ಯಾಗ ತುಂಬಿ ವಿದ್ಯಾನ ಕೈಯಾಗ ಕೊಟ್ಟೆ. ಅಕೀಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ದೇವರಿಗೂ ಅದಕೂ ಏನೂ ಸಂಬಂಧ ಇಲ್ಲ."

ಲಕ್ಕವ್ವ ಮೊಣಕೈ ಊರಿ ಎದ್ದು ಕೂತಳು. ಮುಖ ಕೆಂಪಾಯಿತು.

"ಯಪ್ಪಾ ದೇವರ! ಗಾಡೀಗೆ ಗೊಬ್ಬರಾ? ಅದೇನು ಜ್ವಾಳಾ ಬೆಳೀತೈತೇನ್ರಿ? ಎರಡು ವಾರದ ಮ್ಯಾಲಾತು ನಾ ಸಾಯಾಕ ತಯಾರಾಗೇನಿ! ಒಳ್ಳೇ ಸೀರಿ ತಗದಿಟ್ಟೇನಿ! ಎಲ್ಲಾ ಇವರ ಗೊಬ್ಬರದ ಸಲುವಾಗಿ? ಆ ಹುಡುಗಿ ಗಂಡನ ಕೈಲೆ ಅನ್ನಿಸಿಕೊಂತು, ನೀವು ಮೂಲ್ಯಾಗ ಕುಂತು ರೊಟ್ಟಿ ತಿಂದ್ರಿ? ಬಾಯಾಗ ನಾಲಿಗಿ ಇರಲಿಲ್ಲೇನು?"

"ಗಾಡಿ ಹತ್ತು, ಆಮ್ಯಾಲ ಬೈ," ಎಂದೆ.

"ಹತ್ತೇ ಬೈತೇನಿ! ನಿಮ್ಮ ದಡ್ಡತನಕ್ಕ ನಾ ಯಾಕ ಸಾಯ್ಲಿ? ವಿದ್ಯಾ, ಚಪ್ಪಲ ಕೊಡವ್ವಾ!"

ತಾಂಬಾದಿಂದ ವಿಜಯಪುರದ ತನಕ ಬೈದಳು. ಉಸಿರು ಸಾಲದಿದ್ದಾಗ ನಿಲ್ಲುವಳು, ಮತ್ತೆ ಹಿಡಿಯುವಳು. ಮದುವೆಯಲ್ಲಿ ನಾನು ಬಾಸಿಂಗ ತಿರುವುಮುರುವು ಕಟ್ಟಿಕೊಂಡು ಕೂತದ್ದರಿಂದ ಶುರು ಮಾಡಿದಳು. ಮುರ್ತುಜಾಸಾಬ ನಕ್ಕು ನಕ್ಕು ಎರಡು ಸಲ ಜೀಪು ನಿಲ್ಲಿಸಿ ಕಣ್ಣು ಒರೆಸಿಕೊಂಡ. "ರೇವಪ್ಪಣ್ಣ, ನನ್ನ ಗಿಡಕ್ಕ ನೀ ಹೇಳಿದ್ದ ಹಾಕ್ತೇನಲ್ಲೋ, ನನಗ ಈಗ ಹೆದರಿಕಿ ಬರಾಕತ್ತೈತಿ," ಎಂದ. ವಿದ್ಯಾವತಿ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು.

ಆಸ್ಪತ್ರೆ ಬಂದಾಗ ಲಕ್ಕವ್ವ ಮಗನ ಮೊದಲ ಕೂದಲು ತೆಗೆಸಿದ ಜವಳದ ವಿಷಯಕ್ಕೆ ಬಂದಿದ್ದಳು. ಬೈಯುತ್ತಲೇ ಒಳಗೆ ನಡೆದಳು. ಅದರಲ್ಲಿ ನನ್ನದು ತಪ್ಪಿರಲಿಲ್ಲ, ಅದನ್ನು ಹೇಳುತ್ತಾ ನಾನೂ ನಡೆದೆ. ನರ್ಸಮ್ಮ ಸೂಜಿ ಚುಚ್ಚುವಾಗಲೂ ಅವಳ ಬಾಯಿ ನಿಲ್ಲಲಿಲ್ಲ. "ಅಜ್ಜೀರ, ಸ್ವಲ್ಪ ಮೆಲ್ಲಕ," ಎಂದು ನರ್ಸಮ್ಮ ನನಗೊಂದು ಸ್ಟೂಲು ಕೊಟ್ಟಳು. ಆ ಯಂತ್ರ ಇಷ್ಟು ಸಣ್ಣದು ಎಂದು ನಾನು ತಿಳಿದಿರಲಿಲ್ಲ. ಕೊಳವೆಯಲ್ಲಿ ಲಕ್ಕವ್ವನ ರಕ್ತ ಹೋಗಿ ಬರುತ್ತಿತ್ತು. ಅದು ಮುಗಿಯುವ ತನಕ ಕೂತೆ, ನಡುವೆ ಎದ್ದರೆ ಇನ್ನಷ್ಟು ಬೈಯುತ್ತಾಳೆ ಎಂದು.

ಯಂತ್ರದ ಹತ್ತಿರ ನರ್ಸಮ್ಮನನ್ನೇ ಕೇಳಿದೆ, ಅಂಗಡಿಯ ಧೂಳಿನಿಂದ ರಕ್ತಕ್ಕೆ ಯೂರಿಯಾ ಬಂದಿರಬಹುದೇ ಎಂದು. ಆಕೆ ನಕ್ಕಳು. ಇವರಿಗೆ ಬಿ.ಪಿ., ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟದ್ದು, ನಿಮ್ಮ ಅಂಗಡಿಯಿಂದಲ್ಲ ಎಂದಳು. "ಅದೂ ಇವರ ಕೆಲಸಾನ ಇರಬೇಕು, ಸರಿಯಾಗಿ ನೋಡವ್ವಾ," ಎಂದಳು ಲಕ್ಕವ್ವ.

ಇಷ್ಟು ಬೈಸಿಕೊಂಡ ಮೇಲೂ ಮನೆಗೆ ಬಂದು ಮೂರು ರೊಟ್ಟಿ ತಿಂದೆ. ಹಸಿವು ಹೇಗೆ ಆಯಿತೋ ಗೊತ್ತಿಲ್ಲ.

ಏಪ್ರಿಲ್ 4, ಶನಿವಾರ

ವಿದ್ಯಾವತಿ ಚಹಾ ಕೊಟ್ಟಳು, ಕಪ್ಪು ಮಾತ್ರ ಜೋರಾಗಿ ಇಟ್ಟಳು. "ತಪ್ಪಾತವ್ವಾ," ಎಂದೆ. "ನನಗ ಹೇಳಿದ್ರ ಏನಾಗ್ತಿತ್ರಿ ಮಾಮಾರ? ತಪ್ಪಾತಂತ ಅವರಿಗೆ ಹೇಳ್ರಿ," ಎಂದು ಫೋನ್ ಕೈಗಿಟ್ಟಳು. ಕಲ್ಮೇಶನಿಗೆ ಎಲ್ಲ ಹೇಳಿದೆ. ಅವನು, "ವಿದ್ಯಾಗ ಫೋನ್ ಕೊಡ್ರಿ," ಎಂದ. ಅವಳು ಫೋನ್ ಹಿಡಿದು ಹಿತ್ತಲಿಗೆ ಹೋದಳು. ಬರುವಾಗ ಮುಖ ಸ್ವಲ್ಪ ತಿಳಿಯಾಗಿತ್ತು.

ವರ್ಕ್‌ಶಾಪಿನವರಿಗೂ ನಾನೇ ಫೋನ್ ಮಾಡಿದೆ. ಅವರು ಗಾಡಿ ಎಳೆದೊಯ್ದರು.

ಏಪ್ರಿಲ್ 6, ಸೋಮವಾರ

ಗಾಡಿ ಬಂತು. ಟಾಕಿ ಬಿಚ್ಚಿ ತೊಳೆದು, ಪಂಪು ಬದಲಿಸಿದ್ದಾರೆ. ತಳದಲ್ಲಿ ಬೇವಿನೆಣ್ಣೆಯ ಜಿಡ್ಡಿಗೆ ಬೋರಿನ ಉಪ್ಪು ಹತ್ತಿಕೊಂಡು ಗಟ್ಟಿ ಕೆನೆಯಂತೆ ಕೂತಿತ್ತಂತೆ. ಸೆನ್ಸಾರ್ ಮೊದಲಿನಿಂದಲೂ ಸರಿಯಾಗೇ ಇತ್ತು. ಇಲಿಯ ಮೇಲೂ ಸುಳ್ಳು ಅಪವಾದ ಹೊರಿಸಿದೆ.

ಹೊಸ ಡಬ್ಬಿ ಬಂದಿದೆ. ಬಿಸಿಲು ತಾಗಬಾರದು, ಮುಚ್ಚಳ ಬಿಗಿಯಾಗಿರಬೇಕು, ಅದಕ್ಕೆ ಮುಟ್ಟಿಸಿದ ಲಾಳಿಕೆ ಬೇರೆ ಯಾವುದಕ್ಕೂ ಮುಟ್ಟಿಸಬಾರದು ಎಂದು ವಿದ್ಯಾ ಹೇಳಿದಳು. ಮನೆಯಲ್ಲಿ ತಂಪಾದ ಜಾಗ ಅಂದರೆ ಲಕ್ಕವ್ವನ ಮಂಚದ ಕೆಳಗೆ. ಅಲ್ಲೇ ಇಟ್ಟಿದ್ದಾರೆ. ನಾನು ಚಪ್ಪಲಿ ಹುಡುಕಲು ಬಗ್ಗಿದರೂ "ಏ, ಏ, ಏನ ಬೇಕ್ರಿ ಅಲ್ಲಿ?" ಅನ್ನುತ್ತಾಳೆ.

ಏಪ್ರಿಲ್ 7, ಮಂಗಳವಾರ

ಹೆಚ್ಚು ಬರೆಯಲು ಹೊತ್ತಿಲ್ಲ, ಲಕ್ಕವ್ವ ಕರೆಯುತ್ತಿದ್ದಾಳೆ.

ಬೆಳಿಗ್ಗೆ ನಾವು ಏಳುವ ಮೊದಲೇ ಗಾಡಿಯಲ್ಲಿ ಕೂತಿದ್ದಳು. ಹೋಗುವಾಗ ಅವಳ ತಂಗಿಯ ಮದುವೆಗೆ ನಾನು ತಡವಾಗಿ ಬಂದ ವಿಷಯ. ಯಂತ್ರದ ಮೇಲಿದ್ದಾಗ ಹೊಲ ಮಾರಿದ ವಿಷಯ. ಅದು ಅವಳೇ ಮಾರು ಅಂದದ್ದು, ಅದನ್ನು ಹೇಳಲು ಹೋಗಿ ಸ್ಟೂಲಿನ ಮೇಲೆ ಇನ್ನಷ್ಟು ಬೈಸಿಕೊಂಡೆ. ಪಕ್ಕದ ಮಂಚದ ಹೆಂಗಸು ತನ್ನ ಗಂಡನಿಗೆ "ಕೇಳ್ರಿ, ಕೇಳ್ರಿ" ಅನ್ನುತ್ತಿದ್ದಳು.

ಬರುವಾಗ ದಣಿದು ಕಣ್ಣು ಮುಚ್ಚಿದ್ದಳು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಮುಂದಿನ ಸೀಟು ಖಾಲಿಯಿತ್ತು, ವಿದ್ಯಾ ಹೇಳಿದ ಮೇಲೇ ನೋಡಿದೆ. ನಿದ್ದೆ ಹತ್ತಿದೆ ಎಂದುಕೊಂಡು ಶಾಲು ಹೊದಿಸಿದೆ. ಕಣ್ಣು ತೆರೆಯದೆ ಅಂದಳು, "ಮುಗದಿಲ್ಲ ಇನ್ನ. ಇವತ್ತ ದಣಿವಾಗೈತಿ. ಉಳದದ್ದು ಶುಕ್ರವಾರ ಬೈತೇನಿ."

ಆಗಲಿ ಎಂದೆ. ಶುಕ್ರವಾರ ಅಂಗಡಿ ಬಂದ್ ಎಂದು ಈಗಲೇ ಬಾಗಿಲಿಗೆ ಬರೆದು ಹಚ್ಚಿ ಬರಬೇಕು.